ಪ್ಯಾರಾಗ್ಲೈಡಿಂಗ್ ಕಲಿಯುವ ಮಕ್ಕಳ ಸುರಕ್ಷತೆಗಾಗಿ ಹಕ್ಕೊತ್ತಾಯ ಪತ್ರ

ಇವರಿಗೆ: ಮಾನ್ಯ ಜಿಲ್ಲಾಧಿಕಾರಿಗಳು, ಸೋಲಾಪುರ ಮತ್ತು ಪ್ರವಾಸೋದ್ಯಮ ಇಲಾಖೆ, ಮಹಾರಾಷ್ಟ್ರ ಸರ್ಕಾರ
ಇವರಿಂದ: ಅಕ್ಕಲಕೋಟೆ, ದಕ್ಷಿಣ ಸೋಲಾಪುರ ತಾಲ್ಲೂಕುಗಳ ಕನ್ನಡ ಪಾಲಕರು ಮತ್ತು ವಿದ್ಯಾರ್ಥಿಗಳು



ನಮ್ಮದು ಬಯಲುಸೀಮೆ. ಹಾರಲು ಕಲಿಯಬೇಕೆಂದರೆ ಮಕ್ಕಳು ಕಾಮಶೇತಕ್ಕೋ ಪಂಚಗಣಿಗೋ ಹೋಗಬೇಕು. ಈ ಹಾರಾಟದ ಅಪಾಯ ಸಣ್ಣದಲ್ಲ. 2020ರ ಅಕ್ಟೋಬರ್ 2ರಂದು ಕಾರವಾರದಲ್ಲಿ ಪ್ಯಾರಾಮೋಟರ್ ಸಮುದ್ರಕ್ಕೆ ಬಿದ್ದು ನೌಕಾಪಡೆಯ ಅಧಿಕಾರಿಯೊಬ್ಬರು ತೀರಿಕೊಂಡರು. 2025ರ ಜನವರಿಯಲ್ಲಿ ಗೋವಾದ ಕೇರಿಯಲ್ಲಿ ಪ್ಯಾರಾಗ್ಲೈಡಿಂಗ್ ಮಾಡುವಾಗ ಪುಣೆಯ ಯುವತಿ ಸತ್ತಳು, ಪೈಲಟ್ ಕೂಡ ಉಳಿಯಲಿಲ್ಲ. ಆ ಎರಡೂ ಕಡೆ ಹಾರಿಸುವವರು ಜೊತೆಗಿದ್ದರು. ಆದರೆ ಕಲಿಯುವ ವಿದ್ಯಾರ್ಥಿ ಒಬ್ಬನೇ ಹಾರುತ್ತಾನೆ. ಗುರು ನೆಲದ ಮೇಲೆ, ವಾಕಿಟಾಕಿ ಹಿಡಿದು ನಿಂತಿರುತ್ತಾರೆ. ಬಿದ್ದ ಮೇಲೆ 'ಹುಡುಗ ಹೇಳಿದಂತೆ ಕೇಳಲಿಲ್ಲ' ಎಂದು ಕೈತೊಳೆದುಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ಹಾರಲು 'ಓಡು' ಎಂದವರೇ ಹೊಣೆ ಹೊರಬೇಕು.

1. 'ಮೇಲ್ವಿಚಾರಣೆಯಲ್ಲಿ ತರಬೇತಿ' ಎಂದು ಜಾಹೀರಾತು ಕೊಡುವವರು ಅದನ್ನು ಮಾಡಿ ತೋರಿಸಲಿ. ಹಾರುವ ಗುಡ್ಡದ ಮೇಲೊಬ್ಬ, ಇಳಿಯುವ ಬಯಲಲ್ಲೊಬ್ಬ ಶಿಕ್ಷಕರು ಕಡ್ಡಾಯ. ವಾಕಿಟಾಕಿ ಕೆಟ್ಟರೆ ಏನು ಮಾಡಬೇಕೆಂದು ಮೊದಲೇ ಹೇಳಿಕೊಟ್ಟಿರಬೇಕು. ಪ್ರತಿ ಹಾರಾಟಕ್ಕೂ ಮುನ್ನ ತೊಡೆಯ ಪಟ್ಟಿ, ಎದೆಯ ಪಟ್ಟಿ, ಹೆಲ್ಮೆಟ್, ತುರ್ತು ಪ್ಯಾರಾಚೂಟಿನ ಪಿನ್ನು ಇವನ್ನು ಶಿಕ್ಷಕರು ಕೈಯಿಂದ ಮುಟ್ಟಿ ನೋಡಿ ಸಹಿ ಹಾಕಲಿ. ತೊಡೆಯ ಪಟ್ಟಿ ಬಿಗಿಯದೆ ಓಡಿದವನು ಆಸನದಿಂದ ಜಾರಿ, ತೋಳಿನ ಬಲದಲ್ಲೇ ನೇತಾಡಬೇಕಾಗುತ್ತದೆ. ಪಟ್ಟಿ ಮುಟ್ಟಿ ನೋಡುವುದು ಅರೆನಿಮಿಷದ ಕೆಲಸ.

2. ಗಾಳಿಯ ವೇಗ ಅಳೆದು ದಾಖಲಿಸಬೇಕು. ಬಿಸಿಲೇರಿದ ಮಧ್ಯಾಹ್ನ, ಗಾಳಿ ಎದ್ದು ಕುದಿಯುವ ಹೊತ್ತಿನಲ್ಲಿ, ಹೊಸಬರನ್ನು ಹಾರಿಸಬಾರದು. ನೆಲಕ್ಕೆ ಹತ್ತಿರದಲ್ಲಿ ರೆಕ್ಕೆ ಮಡಚಿಕೊಂಡರೆ ತುರ್ತು ಪ್ಯಾರಾಚೂಟ್ ಬಿಚ್ಚಿಕೊಳ್ಳಲು ಸಮಯವೇ ಸಿಗದು. ಶುಲ್ಕ ಕಟ್ಟಿದ್ದಾರೆ, ನಾಳೆ ಊರಿಗೆ ಹೋಗುತ್ತಾರೆ ಎಂಬುದು ಹಾರಿಸಲು ಕಾರಣವಲ್ಲ.

3. ಪಾಲಕರಿಂದ ಸಹಿ ಮಾಡಿಸಿಕೊಳ್ಳುವ ಮುಚ್ಚಳಿಕೆ ಪತ್ರ ಕನ್ನಡ, ಮರಾಠಿಯಲ್ಲೂ ಇರಲಿ. ಗುಡ್ಡದ ಬುಡದಲ್ಲಲ್ಲ, ವಾರ ಮೊದಲೇ ಮನೆಗೆ ಬರಲಿ. ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಓದಿದ ತಂದೆ ಇಂಗ್ಲಿಷ್ ಹಾಳೆಗೆ ಹಾಕಿದ ರುಜುವನ್ನು ಒಪ್ಪಿಗೆ ಎನ್ನುವುದು ಹೇಗೆ? ಸಂಸ್ಥೆಯ ನಿರ್ಲಕ್ಷ್ಯಕ್ಕೆ ಈ ಪತ್ರ ಗುರಾಣಿಯಾಗಕೂಡದು.

4. ರಾಜ್ಯದ ಸಾಹಸ ಪ್ರವಾಸೋದ್ಯಮ ನೀತಿ 2021ರಲ್ಲೇ ಬಂದಿದೆ. ಕೇಂದ್ರದ ವಾಯು ಕ್ರೀಡಾ ನೀತಿ 2022ರಲ್ಲಿ. ನೋಂದಾಯಿತ ತರಬೇತಿ ಸಂಸ್ಥೆಗಳ ಪಟ್ಟಿ, ಶಿಕ್ಷಕರ ಅರ್ಹತೆ ಸಹಿತ, ನಮ್ಮ ಕಾಲೇಜುಗಳ ಫಲಕಕ್ಕೆ ಯಾವಾಗ ಬರುತ್ತದೆ?

5. ಅಪಘಾತವಾದರೆ ರೆಕ್ಕೆ, ಸರಂಜಾಮು, ವಾಕಿಟಾಕಿ ಪೊಲೀಸರ ವಶಕ್ಕೆ ಹೋಗಲಿ. ಸಂಸ್ಥೆಗೆ ಸಂಬಂಧಿಸದ ತಜ್ಞರೇ ತನಿಖೆ ಮಾಡಲಿ, ವರದಿಯ ಪ್ರತಿ ಮನೆಯವರಿಗೆ ಸಿಗಲಿ.

6. ವಿದ್ಯಾರ್ಥಿಗೆ ವಿಮೆ ಕಡ್ಡಾಯವಾಗಲಿ. ಇಳಿಯುವ ಬಯಲಿನವರೆಗೆ 108 ಆಂಬುಲೆನ್ಸ್ ಬರುವಂತೆ ದಾರಿ ಇಲ್ಲದ ಜಾಗಕ್ಕೆ ಪರವಾನಗಿ ಬೇಡ.

ಪ್ರತಿ ಬೇಡಿಕೆಗೂ ಲಿಖಿತ ಉತ್ತರ ಕೋರುತ್ತೇವೆ.