ಮದುವೆಯ ಜಾಗ ಗೊತ್ತುಮಾಡುವ ಮೊದಲು



ಕಳೆದ ವಾರ ನಾಂಪಲ್ಲಿ ಸ್ಟೇಷನ್ನಿನ ಹತ್ತಿರ ಚಹ ಕುಡಿಯುತ್ತ ನಿಂತಾಗ ನಮ್ಮ ಹುಡುಗನೊಬ್ಬ ಸಿಕ್ಕಿದ. ಹೋಟೆಲಿನಲ್ಲಿ ಸಪ್ಲೈಯರ್. ಮದುವೆ ನಿಶ್ಚಯವಾಗಿದೆ. ಕುಂದಾಪುರದ ದೊಡ್ಡ ಹಾಲಿನಲ್ಲೇ ಆಗಬೇಕೆಂದು ಸೋದರಮಾವನ ಹಟ. ಗೋಕರ್ಣದ ಸಮುದ್ರದಂಡೆಯ ರೆಸಾರ್ಟಿನಲ್ಲಿ ಮಾಡು, ಈಗ ಅದೇ ಫ್ಯಾಷನ್ ಎಂದು ಗೆಳೆಯರ ಉಪದೇಶ. ಹುಡುಗ ನನ್ನನ್ನು ಕೇಳಿದ್ದು ಇಷ್ಟೇ: "ಅಣ್ಣಾ, ಧಣಿಗಳ ಹತ್ತಿರ ಎಷ್ಟು ಮುಂಗಡ ಕೇಳಲಿ?"

ಜಾಗವಿನ್ನೂ ಗೊತ್ತಾಗಿಲ್ಲ, ಸಾಲದ ಮಾತು ಆಗಲೇ ಮುಂದೆ ಬಂತು!

ಸಿರಿವಂತರು ವಿದೇಶಕ್ಕೆ ಹೋಗಿ ಮದುವೆ ಮಾಡುವುದನ್ನು ಬಿಟ್ಟು ದೇಶದೊಳಗೇ ಮಾಡಬೇಕೆಂದು 2023ರ ನವೆಂಬರಿನಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ಹೇಳಿದರು. ದೇಶವೋ ವಿದೇಶವೋ ಎಂಬುದು ಅವರ ಪ್ರಶ್ನೆ. ಕೂಲಿಯೋ ಜೀತವೋ ಎಂಬುದು ನಮ್ಮ ಪ್ರಶ್ನೆ.

ಇದನ್ನು ಅನುಭವಿಸಿ ಹೇಳುತ್ತಿದ್ದೇನೆ. 2016ರ ಏಪ್ರಿಲಿನಲ್ಲಿ ನನ್ನ ಮದುವೆ. ಊರವರೆದುರು ಸಣ್ಣವನಾಗಬಾರದೆಂದು ಮಾಲೀಕರಿಂದ 1,20,000 ರೂಪಾಯಿ ಮುಂಗಡ ಪಡೆದೆ. ಹಾಲು, ದೀಪಾಲಂಕಾರ, ವಾಲಗ ಎಂದು ಒಂದೇ ದಿನದಲ್ಲಿ ಅದು ಕರಗಿತು. ತಿಂಗಳಿಗೆ 3,000ದಂತೆ 40 ತಿಂಗಳು ಸಂಬಳದಲ್ಲಿ ಮುರಿದುಕೊಂಡರು. ಅದೇ ವರ್ಷ ನವೆಂಬರ್ 8ರಂದು 500, 1000ದ ನೋಟು ರದ್ದಾದವು. ಬ್ಯಾಂಕಿನ ಸಾಲಿನಲ್ಲಿ ನಿಂತು ಸುಸ್ತಾಗಿ ಬಂದು ಟಿ.ವಿ. ನೋಡಿದರೆ, ಮಾಜಿ ಮಂತ್ರಿ ಜನಾರ್ದನ ರೆಡ್ಡಿಯವರ ಮಗಳ ಮದುವೆಗೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ವಿಜಯನಗರವೇ ಎದ್ದು ನಿಂತಿತ್ತು! ನಾವೆಲ್ಲ ಬಾಯಿಬಿಟ್ಟು ನೋಡಿದೆವು. ನಾನೂ ನನ್ನ ಅಳತೆಗೆ ಅದನ್ನೇ ಮಾಡಿದ್ದೆನಲ್ಲ ಎಂದು ಆಗ ನಾಚಿಕೆಯಾಯಿತು.

ಹಣ ಹೋದದ್ದು ದೊಡ್ಡದಲ್ಲ. ಆ 40 ತಿಂಗಳ ನಡುವೆ ಜೊತೆಗಾರರು ವಾರದ ರಜೆ ಕೇಳಲು ಒಟ್ಟಾಗಿ ಗಲ್ಲೆಯ ಮುಂದೆ ನಿಂತರು. ನಾನು ಮಾತ್ರ ತಲೆ ಬಗ್ಗಿಸಿ ಮೇಜು ಒರೆಸುತ್ತಿದ್ದೆ. ಸಾಲಗಾರನಿಗೆ ಬಾಯೆಲ್ಲಿ? ಮುಂಗಡ ಕೊಟ್ಟು, ಬೇರೆ ಕಡೆ ದುಡಿಯುವ ಸ್ವಾತಂತ್ರ್ಯವನ್ನು ಕಿತ್ತುಕೊಂಡರೆ ಅದು ಜೀತವೆಂದು 1976ರ ಕಾಯಿದೆ ಹೇಳುತ್ತದೆ. ಕಾಯಿದೆ ಪುಸ್ತಕದಲ್ಲಿದೆ, ಕೈಯೊಡ್ಡುವವರು ನಾವೇ.

ಇನ್ನು ದೂರದ ಲೆಕ್ಕ. ಕಾಚಿಗುಡದಿಂದ ನಮ್ಮ ಕರಾವಳಿಗೆ ಹೋಗುವ ರೈಲು ವಾರಕ್ಕೆ ಎರಡು ದಿನ. ಅದೂ ಕೇರಳ ಸುತ್ತಿಕೊಂಡು. ಹೋಗಿಬರಲು ನಾಲ್ಕೈದು ದಿನದ ಕೂಲಿ ಖೋತಾ. ಹತ್ತು ವರ್ಷ ಒಂದೇ ಕೋಣೆಯಲ್ಲಿ ಮಲಗಿದ ಗೆಳೆಯನಿಗೆ ಬರಲು ರಜೆ ಸಿಗುವುದಿಲ್ಲ. ಊರಿನಲ್ಲಿ ಹೆಸರೂ ಗೊತ್ತಿಲ್ಲದ ಐನೂರು ಜನ ಉಂಡು, ಪಾಯಸ ನೀರಾಗಿತ್ತು ಎಂದು ಹೋಗುತ್ತಾರೆ. ಇದು ಯಾವ ಮರ್ಯಾದೆ?

ಹಾಗೆಂದು ಊರಿಗೆ ಹೋಗಲೇಬೇಡಿ ಎನ್ನುತ್ತಿಲ್ಲ. ಕಲಬುರಗಿ, ಬೀದರ್ ಕಡೆಯ ಗಿರಣಿಯ ಬಂಧುಗಳಿಗೆ ಊರು ಹತ್ತಿರ. ಮನೆಯಂಗಳದಲ್ಲಿ ಚಪ್ಪರ ಹಾಕಿದರೆ ಸಾಕು. ಹಾಸಿಗೆ ಹಿಡಿದ ತಾಯಿಯಿದ್ದರೆ ಅವಳ ಕಣ್ಣೆದುರೇ ತಾಳಿ ಕಟ್ಟಿರಿ. ಹತ್ತು ಜನ ಹೋಗಿ ಬನ್ನಿ. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿದೆ. ಅಲ್ಲಿಗೆ ಹೋದವರು ಸಾಲ ಹೊತ್ತು ಬರುವುದಿಲ್ಲ. ದೂರ ಹೋಗುವುದು ಪಾಪವಲ್ಲ, ಸಾಲ ಮಾಡಿ ಮೆರೆಯುವುದು ಪಾಪ.

"ಜನ ಏನೆಂದಾರು?" ಎನ್ನುವಿರಾ? ಕುವೆಂಪು ಅವರಿಗಿಂತ ನಮ್ಮ ಮರ್ಯಾದೆ ದೊಡ್ಡದೇ? ಅವರು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಆಡಂಬರವಿಲ್ಲದೆ ಮಂತ್ರಮಾಂಗಲ್ಯದಲ್ಲಿ ನಡೆಸಿದರು. 1955ರ ಹಿಂದೂ ವಿವಾಹ ಕಾಯಿದೆ ಸಂಪ್ರದಾಯದ ವಿಧಿ ಕೇಳುತ್ತದೆ. ಫಂಕ್ಷನ್ ಹಾಲ್ ಕೇಳುವುದಿಲ್ಲ. 1954ರ ವಿಶೇಷ ವಿವಾಹ ಕಾಯಿದೆಗೆ 30 ದಿನದ ನೋಟೀಸು, ಮೂವರು ಸಾಕ್ಷಿಗಳು ಸಾಕು. ಗಂಡು ಹೆಣ್ಣಿನಲ್ಲಿ ಒಬ್ಬರು ಇಲ್ಲಿ 30 ದಿನ ವಾಸವಿದ್ದರೆ ಇಲ್ಲೇ ನೋಟೀಸು ಕೊಡಬಹುದು.

ನಾಂಪಲ್ಲಿಯವರಿಗೆ ನುಮಾಯಿಷ್ ಗೊತ್ತು. 1938ರಲ್ಲಿ ಆರಂಭವಾದ ಈ ವಸ್ತುಪ್ರದರ್ಶನ ಸಾಮಾನ್ಯವಾಗಿ ಜನವರಿ 1ಕ್ಕೆ ತೆರೆದು ಒಂದೂವರೆ ತಿಂಗಳು ಇರುತ್ತದೆ. ಅಲ್ಲಿ ಸರಕು ಹರಡುವವನು ಮಾರಿ ಲಾಭ ಮಾಡಲು ಹರಡುತ್ತಾನೆ. ನಾವು ಮದುವೆಯನ್ನು ಪ್ರದರ್ಶನಕ್ಕಿಟ್ಟು ನಮ್ಮನ್ನೇ ಮಾರಿಕೊಳ್ಳುತ್ತೇವೆ.

ಆ ಹುಡುಗನಿಗೆ ನಾನು ಹೇಳಿದ್ದು ಇದು: ಮೊದಲು ಕೈಯಲ್ಲಿರುವ ಹಣ ಎಣಿಸು. ನಿನ್ನ ಜೊತೆ ದುಡಿಯುವವರು ಕೂಲಿ ಕಳೆದುಕೊಳ್ಳದೆ ಬರಬಲ್ಲ ಜಾಗ ಹುಡುಕು. ಆಮೇಲೆ ಮುಹೂರ್ತ ಕೇಳು. ಸಾವಿರ ಮದುವೆಗೆ ಅಡಿಗೆ ಮಾಡಿ ಬಡಿಸಿದ ಕೈಗಳು ನಮ್ಮವು. ನಮ್ಮ ತಮ್ಮನೊಬ್ಬನ ಮದುವೆಗೆ ನೂರು ಎಲೆ ಹಾಕಲಾರೆವೇ? ಸಾರು, ಪಲ್ಯ, ಪಾಯಸ ನಾವು ನೋಡಿಕೊಳ್ಳುತ್ತೇವೆ.

ಮಾಲೀಕರ ಬಳಿಗೆ ಹೋಗು, ಆದರೆ ಲಗ್ನಪತ್ರಿಕೆ ಹಿಡಿದು ಹೋಗು. ಮುಂಗಡದ ಚೀಟಿಗೆ ಸಹಿ ಹಾಕಲು ಹೋಗಬೇಡ.