ಮೊಣಕಾಲಿನ ಮುಲಾಮು ಸೇರುವುದೆಲ್ಲಿಗೆ?

ಬೇಸಿಗೆ ಕಳೆಯಲು ಕೋಲಾರದಿಂದ ಬಂದಿದ್ದ ಅಮ್ಮ ಮೊಣಕಾಲಿಗೆ ಡೈಕ್ಲೋಫೆನಾಕ್ ಮುಲಾಮು ತಿಕ್ಕಿಕೊಂಡು ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದರು. ಈ ಔಷಧದಲ್ಲಿ ಚರ್ಮದೊಳಗೆ ಇಳಿಯುವುದು ನೂರಕ್ಕೆ ಆರೇಳು ಪಾಲು ಮಾತ್ರ. ಉಳಿದದ್ದರಲ್ಲಿ ಬಹುಪಾಲು ಸ್ನಾನದ ನೀರು, ಬಟ್ಟೆ ಒಗೆದ ನೀರಿನೊಂದಿಗೆ ಚರಂಡಿ ಸೇರುತ್ತದೆ. ದಶಕಗಳಿಂದ ಇದನ್ನು ಬರೆದುಕೊಡುತ್ತಿರುವ ನಾನು, ರೋಗಿಯ ನೋವು ಇಳಿದ ಮೇಲೆ ಔಷಧದ ಗತಿ ಏನಾಯಿತೆಂದು ಬಹುಕಾಲ ಯೋಚಿಸಿರಲಿಲ್ಲ.

ಸಾಮಾನ್ಯ ಶುದ್ಧೀಕರಣ ಘಟಕದ ಬ್ಯಾಕ್ಟೀರಿಯಾಗಳಿಗೆ ಡೈಕ್ಲೋಫೆನಾಕ್ ಸುಲಭವಾಗಿ ಜೀರ್ಣವಾಗದು. ಜ್ಯೂರಿಕ್ ಸಮೀಪದ ಡ್ಯೂಬೆನ್‌ಡಾರ್ಫ್‌ ಘಟಕದಲ್ಲಿ 2014ರಿಂದ ಕೊಳಚೆನೀರಿಗೆ ಓಝೋನ್ ಹಾಯಿಸುತ್ತಿದ್ದಾರೆ. ಓಝೋನ್ ಆ ಅಣುವನ್ನು ಕ್ಷಣಾರ್ಧದಲ್ಲಿ ಒಡೆಯುತ್ತದೆ. ಉಳಿದ ಚೂರುಗಳಲ್ಲಿ ಕೆಲವನ್ನು ಮುಂದಿನ ಮರಳು ಶೋಧಕದ ಸೂಕ್ಷ್ಮಜೀವಿಗಳು ಅರಗಿಸುತ್ತವೆ. 2016ರಲ್ಲಿ ಜಾರಿಗೆ ಬಂದ ಸ್ವಿಸ್ ಕಾನೂನಿನಂತೆ, ಆಯ್ದ ಘಟಕಗಳು ಇಂತಹ ಸೂಕ್ಷ್ಮ ಮಾಲಿನ್ಯದ ಶೇ 80ರಷ್ಟನ್ನು ತೆಗೆಯಬೇಕು. ಅದಕ್ಕಾಗಿ ವರ್ಷಕ್ಕೆ ತಲೆಗೆ ಗರಿಷ್ಠ 9 ಫ್ರಾಂಕ್ ಶುಲ್ಕ. ಇಲ್ಲಿ ಎರಡು ಕಪ್ ಕಾಫಿಯ ದುಡ್ಡು.

ಆದರೆ ಓಝೋನ್ ಸರ್ವರೋಗಹರ ಮದ್ದಲ್ಲ. ಸಿ.ಟಿ. ಸ್ಕ್ಯಾನ್‌ಗೆ ಮುನ್ನ ನಾವು ರಕ್ತನಾಳಕ್ಕೆ ಕೊಡುವ ಅಯೋಡಿನ್‌ಯುಕ್ತ ದ್ರಾವಣ ಒಂದೇ ದಿನದಲ್ಲಿ ಮೂತ್ರದೊಂದಿಗೆ ಹೊರಬರುತ್ತದೆ, ಓಝೋನಿಗೆ ಬಹುಮಟ್ಟಿಗೆ ಜಗ್ಗುವುದಿಲ್ಲ. ಮ್ಯಾಂಗನೀಸ್ ಆಕ್ಸೈಡ್‌ನಂತಹ ಕ್ರಿಯಾವರ್ಧಕಗಳನ್ನು ಜೊತೆಗಿಟ್ಟರೆ ಓಝೋನಿನಿಂದ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳು ಹೆಚ್ಚು ಹುಟ್ಟಿ, ಇಂತಹ ಮೊಂಡು ಅಣುಗಳನ್ನೂ ಕೆಡವಬಲ್ಲವು. ಪ್ರಯೋಗಶಾಲೆಯಲ್ಲಿ ಇದು ಸೊಗಸಾಗಿ ನಡೆಯುತ್ತದೆ. ನಿಜವಾದ ಕೊಳಚೆನೀರಿನಲ್ಲಿ ಇತರ ಸಾವಯವ ಕಲ್ಮಶಗಳೇ ಆ ರ‍್ಯಾಡಿಕಲ್‌ಗಳ ಬಹುಪಾಲನ್ನು ನುಂಗಿಬಿಡುತ್ತವೆ. ನೀರಿನಲ್ಲಿ ಬ್ರೋಮೈಡ್ ಇದ್ದರಂತೂ, ಕ್ಯಾನ್ಸರ್‌ಕಾರಕವೆಂಬ ಶಂಕೆಯಿರುವ ಬ್ರೋಮೇಟ್ ಹುಟ್ಟುವ ಅಪಾಯವೂ ಉಂಟು. ಹಾಗಾಗಿ ಅನಗತ್ಯ ಸ್ಕ್ಯಾನ್ ಬರೆಯದಿರುವುದೂ ಜಲಶುದ್ಧಿಯ ಕೆಲಸವೇ ಎಂದು ಸಹೋದ್ಯೋಗಿಗಳೊಡನೆ ವಾದಿಸುತ್ತೇನೆ. ಎಲ್ಲರಿಗೂ ಇದು ಹಿಡಿಸುವುದಿಲ್ಲ.

ದನಗಳಿಗೆ ಕೊಟ್ಟ ಇದೇ ಡೈಕ್ಲೋಫೆನಾಕ್, ಅವುಗಳ ಕಳೇಬರ ತಿಂದ ರಣಹದ್ದುಗಳ ಸಂತತಿಯನ್ನು ನಮ್ಮ ದೇಶದಲ್ಲಿ ಅಳಿವಿನಂಚಿಗೆ ತಂದಿತ್ತು. 2006ರಲ್ಲಿ ಪಶುಬಳಕೆಗೆ ನಿಷೇಧ ಬಂತು. ಈಗ ನನ್ನ ಚಿಂತೆ ಕೋಲಾರದ ಕೆರೆಗಳದ್ದು. 2018ರಿಂದ ಅವುಗಳಿಗೆ ಬೆಂಗಳೂರಿನ ಕೊಳಚೆನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ಹರಿಸಲಾಗುತ್ತಿದೆ. ಬರದ ನಾಡಿಗೆ ಆ ನೀರು ಬೇಡವೆನ್ನಲಾರೆ. ನಮ್ಮ ಬಂಧುಗಳ ಕೊಳವೆಬಾವಿಗಳಲ್ಲಿ ನೀರು ಕಂಡದ್ದು ಅದರಿಂದಲೇ. ನಾಳೆಯೇ ಓಝೋನ್ ಘಟಕ ಕಟ್ಟಿರೆಂದೂ ಹೇಳಲಾರೆ, ಅದು ವಿದ್ಯುತ್ತನ್ನು ನುಂಗುವ ಯಂತ್ರ. ಆ ನೀರಿನಲ್ಲಿ ಯಾವ ಔಷಧ ಎಷ್ಟಿದೆ ಎಂದು ನಿಯತವಾಗಿ ಅಳೆದು, ಫಲಿತಾಂಶವನ್ನು ಗ್ರಾಮ ಪಂಚಾಯಿತಿಗಳ ಗೋಡೆಗೆ ಅಂಟಿಸಲಿ. ಮೊದಲ ಹೆಜ್ಜೆ ಅಷ್ಟಾದರೆ ಸಾಕು.

ಅಮ್ಮ ಈಗ ಮುಲಾಮಿನ ಕೈಯನ್ನು ಮೊದಲು ಕಾಗದದಲ್ಲಿ ಒರೆಸಿ, ಆಮೇಲೆ ತೊಳೆಯುತ್ತಾರೆ. ಇಲ್ಲಿ ಮನೆಯ ಕಸ ದಹನಘಟಕಕ್ಕೆ ಹೋಗುತ್ತದೆಂದು ಹೇಳಿದ್ದೆ. ಹೊರಡುವ ಮುನ್ನಾದಿನ ಕೇಳಿದರು: “ಊರಲ್ಲಿ ಈ ಕಾಗದಾನ ಎಲ್ಲಿ ಹಾಕ್ಲಪ್ಪ?”