ಬಾಣಂತಿಯ ಉಡುಪು ಮತ್ತು ನಮ್ಮ ಕಣ್ಣು

ಕಳೆದ ಕ್ರಿಸ್ಮಸ್ ಹಬ್ಬದ ಬಲಿಪೂಜೆಯ ವೇಳೆ ನಡೆದ ಒಂದು ಸಣ್ಣ ಸಂಗತಿಯನ್ನು ನಾವು ಇಷ್ಟು ದಿನ ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆವು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ದುಡಿಯುವ ತರುಣಿಯೊಬ್ಬಳು ಬಾಣಂತನಕ್ಕೆಂದು ಪಾವಗಡದ ಕಡೆಯ ತವರಿಗೆ ಬಂದವಳು, ಮೂರು ತಿಂಗಳ ಕೂಸಿನೊಡನೆ ನಡುವಿನ ಸಾಲಿನಲ್ಲಿ ಕುಳಿತಿದ್ದಳು. ಕೂಸು ಹಸಿದು ಅತ್ತಿತು. ಆಕೆ ತೊಟ್ಟಿದ್ದ ಹೂಬಳ್ಳಿಯ ಕುರ್ತಿಯ ಮಡಿಕೆಯಲ್ಲಿ ಕಾಣದಂತೆ ಒಂದು ಜಿಪ್ಪು ಇತ್ತು. ಅದನ್ನು ಸರಿಸಿ, ವೇಲ್ ಹೊದಿಸಿಕೊಂಡು ಹಾಲೂಡಿಸತೊಡಗಿದಳು. ಹಿಂದಿನ ಸಾಲಿನ ಹಿರಿಯಮ್ಮನೊಬ್ಬರು, "ಇದೇನವ್ವಾ, ದೇವಾಲಯದಾಗೂ ಫ್ಯಾಷನ್ನು?" ಎಂದರಂತೆ. ಆಕೆ ಎದ್ದು ಹೊರನಡೆದು, ಪೂಜೆ ಮುಗಿಯುವವರೆಗೂ ಹೊಂಗೆಮರದ ಕೆಳಗೆ ಕುಳಿತಿದ್ದಳು. ಆಕೆ ಹೊರಹೋದುದು ಪೀಠದ ಬಳಿಯಿದ್ದ ನಮಗೆ ಕಂಡಿತ್ತು. ಆ ಗಳಿಗೆಯಲ್ಲಿ ನಾವು ಪ್ರಬೋಧನೆ ಮಾಡುತ್ತಿದ್ದುದು, ಛತ್ರದಲ್ಲಿ ಎಡೆ ಸಿಗದ ತಾಯಿಯೊಬ್ಬಳನ್ನು ಕುರಿತು. ನಾವು ಪ್ರಬೋಧನೆಯನ್ನು ನಿಲ್ಲಿಸಲಿಲ್ಲ.

ಆ ಹಿರಿಯಮ್ಮ ಕೆಟ್ಟವರಲ್ಲ. ಐದು ಮಕ್ಕಳಿಗೆ ಹಾಲೂಡಿಸಿ ಬೆಳೆಸಿದವರು. ಅವರ ಆಕ್ಷೇಪಣೆ ಹಾಲೂಡಿಸಿದ್ದಕ್ಕಲ್ಲ, ಉಡುಪಿಗೆ. ಅದರಲ್ಲೂ ಅದು ಚೆಂದವಾಗಿದ್ದುದಕ್ಕೆ. ಆದರೆ ಅವರು ಉಡುತ್ತ ಬಂದ ಸೀರೆಯಾದರೂ ಏನು? ಮುಂದುಗಡೆ ಹುಕ್ಕುಗಳಿರುವ ರವಿಕೆ, ಅದಕ್ಕೂ ಹಿಂದೆ ಅಜ್ಜಿಯಂದಿರು ಎದೆಯ ಕೆಳಗೆ ಗಂಟು ಹಾಕಿಕೊಳ್ಳುತ್ತಿದ್ದ ರವಿಕೆ, ಮೇಲೊಂದು ಅಗಲವಾದ ಸೆರಗು. ಹಾಲೂಡಿಸುವ ತಾಯಿಗೆ ಇದಕ್ಕಿಂತ ಒಪ್ಪುವ ಉಡುಪನ್ನು ಯಾರು ತಾನೇ ಹೊಲಿದಾರು! ಶಿರಾ, ಪಾವಗಡದ ಹೊಲಗಳಲ್ಲಿ ಕಡಲೆಕಾಯಿ ಕೀಳುವಾಗ ಬದುವಿನ ಮೇಲೆ, ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಲ್ಲಿ, ಕೊರಟಗೆರೆಯ ಬಸ್ಸಿಗೆ ಕಾಯುವ ಕಟ್ಟೆಯ ಮೇಲೆ ನಮ್ಮ ತಾಯಂದಿರು ಸೆರಗಿನ ಮರೆಯಲ್ಲಿ ಹಾಲೂಡಿಸಿದರು. ಯಾರೂ ಅದನ್ನು ಒಂದು ಸಂಗತಿಯೆಂದು ಎಣಿಸಲಿಲ್ಲ.

ಆಮೇಲೆ ಚೂಡಿದಾರ್ ಬಂದಿತು. ಹೆಣ್ಣುಮಕ್ಕಳು ಕಾಲೇಜಿಗೂ ಕಾರ್ಖಾನೆಗೂ ಹೋಗಲು ಅದು ಅನುಕೂಲವಾಯಿತು. ಆದರೆ ತಲೆಯ ಮೇಲಿಂದ ತೊಡುವ ಆ ಉಡುಪಿಗೆ ಮುಂದುಗಡೆ ತೆರಪಿಲ್ಲ. ಹೆರಿಗೆಯಾದವಳು ಒಂದೋ ರೂಢಿ ತಪ್ಪಿದ ಸೀರೆಗೆ ಮರಳಬೇಕು, ಇಲ್ಲವೇ ನೈಟಿ ತೊಟ್ಟು ಮನೆಯೊಳಗೇ ಇರಬೇಕು. ಈಗ ಅಂಗಡಿಗಳಲ್ಲಿ ಸಿಗುವ ಫೀಡಿಂಗ್ ಕುರ್ತಿ ಈ ಇಕ್ಕಟ್ಟಿನಿಂದ ಹುಟ್ಟಿದ್ದು. ಸೆರಗು ಮಾಡುತ್ತಿದ್ದ ಕೆಲಸವನ್ನೇ ಜಿಪ್ಪು ಮಾಡುತ್ತಿದೆ. (ನಾವು ಬಟ್ಟೆಯಂಗಡಿಯ ಪರವಾಗಿ ಬರೆಯುತ್ತಿಲ್ಲ. ಹಣ ಕೊಟ್ಟು ಹೊಸದನ್ನೇ ಕೊಳ್ಳಬೇಕೆಂದಿಲ್ಲ. ಹಳೆಯ ಚೂಡಿದಾರಿನ ಎರಡು ಪಕ್ಕದ ಹೊಲಿಗೆ ಬಿಚ್ಚಿ ಜಿಪ್ಪು ಕೂರಿಸಲು ನಮ್ಮೂರಿನ ಟೈಲರಿಗೂ ಬರುತ್ತದೆ.)

ಉಡುಪು ಸರಿ, ಸೊಗಸೇಕೆ ಎಂದು ಕೇಳುವವರುಂಟು. ಸೆಮಿನರಿಯಲ್ಲಿ ನಾವು ಓದಿದ ಸಂತ ಥಾಮಸ್ ಅಕ್ವಿನಾಸರು ಉಡುಗೆ-ತೊಡುಗೆಯ ವಿಚಾರವನ್ನೂ ಬಿಟ್ಟವರಲ್ಲ. ದೋಷವಿರುವುದು ಹೊರಗಿನ ವಸ್ತುವಿನಲ್ಲಲ್ಲ, ಅದನ್ನು ಮಿತಿಮೀರಿ ಬಳಸುವ ಮನುಷ್ಯನಲ್ಲಿ ಎಂಬುದು ಅವರ ನಿಲುವು. ತಾನು ಬಾಳುವ ಜನರ ರೂಢಿಯನ್ನೂ ಗಮನಿಸಬೇಕು ಎನ್ನುತ್ತಾರೆ. ರೂಢಿಯ ಮಾತನ್ನೇ ಎತ್ತುವುದಾದರೆ, ನಮ್ಮ ಸೀಮೆಯ ರೂಢಿ ಎಂದೂ ಹಾಲೂಡಿಸುವವಳನ್ನು ಎಬ್ಬಿಸಿ ಕಳುಹಿಸುವುದಾಗಿರಲಿಲ್ಲ. ಹೆತ್ತ ಮೈ ದಣಿದಿರುತ್ತದೆ; ನಿದ್ದೆಯಿಲ್ಲ, ಹಳೆಯ ಬಟ್ಟೆಗಳು ಮೈಗೆ ಒಗ್ಗುವುದಿಲ್ಲ, ಕನ್ನಡಿಯಲ್ಲಿ ಕಾಣುವವಳು ತಾನೇ ಹೌದೋ ಅಲ್ಲವೋ ಎಂಬ ದುಗುಡ ಬೇರೆ. ಅಂಥವಳು ಹಬ್ಬದ ದಿನ ಹೂವಿನ ಬಟ್ಟೆ ತೊಟ್ಟು ಹತ್ತು ಜನರ ನಡುವೆ ಬಂದು ಕೂತಳೆಂದರೆ ಮನೆಯವರು ನೆಮ್ಮದಿಯ ಉಸಿರು ಬಿಡಬೇಕು. ಮದುವಣಗಿತ್ತಿಯ ಅಲಂಕಾರವನ್ನು ಹೊಗಳುವ ನಾವೇ ಬಾಣಂತಿಯ ಅಲಂಕಾರಕ್ಕೆ ಮುಖ ಸಿಂಡರಿಸುವುದು ಯಾವ ನ್ಯಾಯ?

ದೇವಾಲಯದ ಘನತೆಗೆ ಇದು ಕುಂದು ಎನ್ನುವವರಿಗೆ ಒಂದು ಮಾತು. ರೋಮ್ ನಗರದ ಟ್ರಾಸ್ಟೆವೆರೆಯಲ್ಲಿರುವ ಮಾತೆ ಮರಿಯಳ ದೇವಾಲಯದ ಮುಂಗೋಡೆಯ ಮೇಲೆ, ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ, ಮಗುವಿಗೆ ಹಾಲೂಡಿಸುವ ಮರಿಯಳ ಚಿತ್ರ ಶತಮಾನಗಳಿಂದ ಇದೆ. ದಿವಂಗತ ಜಗದ್ಗುರು ಫ್ರಾನ್ಸಿಸರು 2014ರ ಜನವರಿಯಲ್ಲಿ ಸಿಸ್ಟೀನ್ ಪ್ರಾರ್ಥನಾಲಯದಲ್ಲಿ ಶಿಶುಗಳಿಗೆ ದೀಕ್ಷಾಸ್ನಾನ ನೀಡುವಾಗ, ಮಕ್ಕಳು ಹಸಿದಿದ್ದರೆ ಸಂಕೋಚವಿಲ್ಲದೆ ಹಾಲೂಡಿಸಿರೆಂದು ತಾಯಂದಿರಿಗೆ ಹೇಳಿದರು. ನಮ್ಮ ದೇಶದ ನ್ಯಾಯಾಲಯಗಳೂ ಸುಮ್ಮನಿಲ್ಲ. ಹಾಲೂಡಿಸುವುದು ತಾಯಿಯ ಕಸಿಯಲಾಗದ ಹಕ್ಕೆಂದೂ, ಅದಕ್ಕೆ ಸಂವಿಧಾನದ 21ನೆಯ ವಿಧಿಯ ರಕ್ಷಣೆಯಿದೆಯೆಂದೂ 2021ರಲ್ಲಿ ಕರ್ನಾಟಕ ಹೈಕೋರ್ಟು ತೀರ್ಪಿತ್ತಿತು. ಸಾರ್ವಜನಿಕ ಸ್ಥಳದಲ್ಲಿ ಹಾಲೂಡಿಸುವುದನ್ನು ಕಳಂಕವೆಂದು ಕಾಣಬಾರದೆಂದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಇನ್ನೊಂದು ಬಗೆಯ ಚುಚ್ಚುಮಾತೂ ಇದೆ; ಅದು ಹೆಚ್ಚು ಕ್ರೂರವಾದುದು. ಮೊದಲ ಆರು ತಿಂಗಳು ಎದೆಹಾಲಷ್ಟೇ ಸಾಕೆಂದು ವೈದ್ಯರು ಹೇಳುವುದನ್ನು ಕೇಳಿಕೊಂಡು, ಹಾಲು ಸಾಲದ ತಾಯಿಯನ್ನು "ನಿನಗೆ ಹಾಲೇ ಇಲ್ಲವಾ?" ಎಂದು ಕೇಳುವವರಿದ್ದಾರೆ. ಬೇನೆ, ಅವಧಿಗೆ ಮುನ್ನ ಆದ ಹೆರಿಗೆ, ಮನಸ್ಸಿನ ಕುಸಿತ, ರಜೆ ಮುಗಿದು ಹೊಲಿಗೆ ಯಂತ್ರದ ಮುಂದೆ ಮರಳಿ ಕೂರಬೇಕಾದ ಅನಿವಾರ್ಯತೆ, ಹೀಗೆ ಕಾರಣ ಹಲವು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಎದೆಹಾಲಿನ ಬ್ಯಾಂಕನ್ನು ತೆರೆದದ್ದು ಇಂಥ ಕೂಸುಗಳ ಸಲುವಾಗಿಯೇ. ಪುಡಿಹಾಲಿನ ಬಾಟಲಿ ಹಿಡಿದ ತಾಯಿಯೂ ತಾಯಿಯೇ.

ಮೇಲಿನ ಘಟನೆಯ ನಂತರ ನಮ್ಮ ಧರ್ಮಕೇಂದ್ರದ ಸಭೆಯಲ್ಲಿ, ಬಾಣಂತಿಯರಿಗೆ ಪ್ರತ್ಯೇಕ ಕೋಣೆ ಬೇಕೆಂಬ ಸಲಹೆ ಬಂದಿತು. ಒಳ್ಳೆಯ ಸಲಹೆಯೇ. ಆದರೂ 'ಪ್ರತ್ಯೇಕ' ಎಂಬ ಪದ ನಮ್ಮನ್ನು ಅಳುಕಿಸಿತು. 2023ರ ಜುಲೈಯಲ್ಲಿ ನಮ್ಮದೇ ಜಿಲ್ಲೆಯ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ, ಸೂತಕವೆಂದು ಹಟ್ಟಿಯಾಚೆಯ ಗುಡಿಸಲಿನಲ್ಲಿರಿಸಿದ್ದ ಬಾಣಂತಿಯ ಹಸುಗೂಸು ಮಳೆ-ಚಳಿಗೆ ಸಿಕ್ಕಿ ತೀರಿಕೊಂಡಿತು. ಆ ಜನರತ್ತ ಬೆರಳು ತೋರುವ ಮುನ್ನ ನಮ್ಮ ಯಾಜಕಕಾಂಡದ ಹನ್ನೆರಡನೆಯ ಅಧ್ಯಾಯವನ್ನು ತೆರೆದು ನೋಡಬೇಕು: ಗಂಡು ಹೆತ್ತರೆ ನಲವತ್ತು ದಿನ, ಹೆಣ್ಣು ಹೆತ್ತರೆ ಎಂಬತ್ತು ದಿನ ತಾಯಿ ಪವಿತ್ರಾಲಯದಿಂದ ದೂರವಿರಬೇಕಿತ್ತು. ಮರಿಯಳೂ ಆ ನಿಯಮವನ್ನು ಪಾಲಿಸಿದವಳು. ನೆರವಿಗೆಂದು ಕಟ್ಟಿದ ಕೋಣೆ ದೂರವಿಡುವ ಕೋಣೆಯಾಗಲು ಬಹಳ ಕಾಲ ಬೇಕಾಗುವುದಿಲ್ಲ.

ಪೂಜಾವಸ್ತ್ರಗಳನ್ನು ಇಡುವ ಕೋಣೆಯ ಪಕ್ಕದ ಸಣ್ಣ ಕೊಠಡಿಯಲ್ಲಿ ಈಗ ಎರಡು ಕೈಕುರ್ಚಿ, ಒಂದು ಫ್ಯಾನು, ಕುಡಿಯುವ ನೀರು ಇರಿಸಿದ್ದೇವೆ. ಹೋಗಬಯಸುವವರು ಹೋಗಬಹುದು. ಯಾರನ್ನೂ ಅಲ್ಲಿಗೆ ಹೋಗೆಂದು ಹೇಳಕೂಡದೆಂದು ಉಪದೇಶಿಗಳಿಗೆ ತಿಳಿಸಿದ್ದೇವೆ. ಪಾವಗಡದ ಆ ತರುಣಿಯ ತವರಿಗೂ ನಾವೇ ಹೋಗಿ ಬರಬೇಕಾಗಿದೆ; ಈಸ್ಟರ್‌ಗೆ ಆಕೆ ಬರಲಿಲ್ಲ.